ಬಟ್ಟೆ ಬಗ್ಗೆ ಕೇಳಿದರು, 20 ಸೆಕೆಂಡಿಗೆ ನನ್ನ ಇಂಗ್ಲಿಷ್ ಖಾಲಿ!

ಗೊರಬು · ಭಾನುವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಸ್ಟಾಫ್ ನರ್ಸ್. ಊರು ತೀರ್ಥಹಳ್ಳಿ ಕಡೆ. ಯುಕೆಗೆ ಹೋಗೋಣ ಅಂತ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ಗೆ ದುಡ್ಡು ಕಟ್ಟಿದ್ದೇನೆ. ಅಲ್ಲಿ ನರ್ಸ್ ಆಗಿ ನೋಂದಾಯಿಸಿಕೊಳ್ಳಲು ರೀಡಿಂಗ್, ಲಿಸನಿಂಗ್, ಸ್ಪೀಕಿಂಗ್ ಮೂರರಲ್ಲೂ 7 ಬರಬೇಕು, ರೈಟಿಂಗ್‌ಗೆ 6.5 ಸಾಕು. ಉಳಿದದ್ದು ಹೇಗೋ ಆಗುತ್ತದೆ. ಸ್ಪೀಕಿಂಗ್ ಅಂದರೆ ಕೈಕಾಲು ತಣ್ಣಗಾಗುತ್ತದೆ.

ನಿನ್ನೆ ಕೋಚಿಂಗ್‌ನಲ್ಲಿ ಅಣಕು ಪರೀಕ್ಷೆ ಇತ್ತು. ದಿನಾ ಯಾವ ಥರದ ಬಟ್ಟೆ ಹಾಕಿಕೊಳ್ಳಲು ಇಷ್ಟ ಅಂತ ಕೇಳಿದರು. "ಐ ವೇರ್ ಕಂಫರ್ಟಬಲ್ ಡ್ರೆಸ್, ಮೋಸ್ಟ್ಲಿ ಕಾಟನ್" ಅಂದೆ. "ವೈ?" ಅಂದರು. "ಬಿಕಾಸ್ ಇಟ್ ಈಸ್ ಕಂಫರ್ಟಬಲ್" ಅಂದೆ. ಅಷ್ಟೇ. ಆಮೇಲೆ ಇಬ್ಬರೂ ಫ್ಯಾನ್ ನೋಡುತ್ತಾ ಕೂತೆವು.

ಕ್ಲಾಸ್ ಮುಗಿದ ಮೇಲೆ ಎರಡು ಹಾಳೆ ಉತ್ತರ ಕೊಟ್ಟು ಬಾಯಿಪಾಠ ಮಾಡಿ ಅಂದಿದ್ದಾರೆ. ಅದರಲ್ಲಿ "ಐ ಲವ್ ಟು ಬಿ ಡ್ರೆಸ್ಡ್ ಟು ಕಿಲ್" ಅಂತ ಒಂದು ವಾಕ್ಯ. ನರ್ಸ್ ಆಗಿ ನಾನು ಈ ಮಾತು ಹೇಳಲೇ? ನೀವೆಲ್ಲ ಏನು ಹೇಳಿದಿರಿ, ಸ್ವಲ್ಪ ತಿಳಿಸಿ. ಪರೀಕ್ಷೆ ಮುಂದಿನ ಶನಿವಾರ.

ಪಿಯು_ಮೇಷ್ಟ್ರು · ಭಾನುವಾರ ರಾತ್ರಿ 10.15

ಆ ವಾಕ್ಯ ಓದಿ ನಕ್ಕು ನಕ್ಕು ಸಾಕಾಯಿತಮ್ಮ. ಕಣ್ಣು ಕುಕ್ಕುವ ಹಾಗೆ ಅಲಂಕಾರ ಮಾಡಿಕೊಳ್ಳುವುದು ಅಂತ ಅದರ ಅರ್ಥ, ಆದರೂ ಆಸ್ಪತ್ರೆಯಲ್ಲಂತೂ ಹೇಳಬೇಡ.

ಮೊದಲು ಭಯ ಬಿಡು. ಸ್ಪೀಕಿಂಗ್ ಒಟ್ಟು 11ರಿಂದ 14 ನಿಮಿಷ. ಬಟ್ಟೆಯಂಥ ದಿನನಿತ್ಯದ ವಿಷಯ ಹೆಚ್ಚಾಗಿ ಬರುವುದು ಮೊದಲ ಭಾಗದಲ್ಲಿ. ಆ ಭಾಗವೇ 4-5 ನಿಮಿಷ, ಅದರಲ್ಲೂ ಬೇರೆ ವಿಷಯಗಳು ಇರುತ್ತವೆ. ಒಂದು ಪ್ರಶ್ನೆಗೆ ಎರಡು ಮೂರು ವಾಕ್ಯ ಧಾರಾಳ. ಹಾಗಾಗಿ 20 ಸೆಕೆಂಡ್ ಮಾತಾಡಿದ್ದು ದೊಡ್ಡ ತಪ್ಪೇನಲ್ಲ. ಯಾಕೆ ಅಂತ ಕೇಳಿದಾಗ ಅದೇ ಪದವನ್ನು ತಿರುಗಿಸಿ ಕೊಟ್ಟೆಯಲ್ಲ, ಅಲ್ಲಿ ಎಡವಿದೆ.

ಅಂಕ ಕೊಡುವುದು ನಾಲ್ಕಕ್ಕೆ: ತಡವರಿಸದೆ ಮಾತು ಹೊಂದಿಸುವುದು, ಪದಗಳು, ವ್ಯಾಕರಣ, ಉಚ್ಚಾರಣೆ. ನಾಲ್ಕಕ್ಕೂ ಸಮಪಾಲು. ನಿನ್ನ ಅಭಿರುಚಿ ಚೆನ್ನಾಗಿದೆಯೋ ಇಲ್ಲವೋ ಅನ್ನುವುದಕ್ಕೆ ಅಂಕ ಇಲ್ಲ. ಹರಿದ ಬನಿಯನ್ನೇ ಇಷ್ಟ ಅಂದರೂ ಅವರಿಗೆ ಬೇಜಾರಿಲ್ಲ.

ಒಂದು ಕೆಲಸ ಮಾಡು. ಆ ಹಾಳೆ ಮಡಚಿಡು. ನಿನ್ನ ಬೀರು ತೆಗೆ. ದಿನಾ ಕೈಗೆ ಮೊದಲು ಸಿಗುವ ಬಟ್ಟೆ ಯಾವುದು, ಅದೇ ಯಾಕೆ ಮೇಲೆ ಇರುತ್ತದೆ, ಇಲ್ಲಿ ಕನ್ನಡದಲ್ಲೇ ಬರಿ. ಇಂಗ್ಲಿಷ್ ಆಮೇಲೆ ನೋಡೋಣ.

ಗಿರ್ಮಿಟ್ · ಭಾನುವಾರ ರಾತ್ರಿ 10.50

ಅಕ್ಕಾರ, ನಾ ಹುಬ್ಬಳ್ಳಿಯಾಕಿ. ಮೊದಲ ಸಲ ನನಗೆ 6 ಬಂದಿತ್ತು. ಯಾಕೆ ಅಂತ ತಿಳಿಯಲಿಲ್ಲ. ಎರಡನೇ ಸಲಕ್ಕೆ ಮೊದಲು ಮೊಬೈಲಿನಲ್ಲಿ ನನ್ನ ಮಾತನ್ನೇ ರೆಕಾರ್ಡ್ ಮಾಡಿ ಕೇಳಿದೆ. ಬಟ್ಟೆ ವಿಷಯಕ್ಕೆ ಬಂದ ಕೂಡಲೇ ಕ್ರಿಯಾಪದ ಹುಡುಕುತ್ತಾ ನಿಂತುಬಿಡುತ್ತಿದ್ದೆ. ಒಂದು ಕಡೆಯಂತೂ "ಐ ಟೈ ಮೈ ವಾಚ್" ಅಂದಿದ್ದೆ!

ನೋಡ್ರಿ, ನಮ್ಮ ಭಾಷೆಯಲ್ಲಿ ಸೀರೆ ಉಡುತ್ತೇವೆ. ಕುಪ್ಪಸ ತೊಡುತ್ತೇವೆ. ಶಾಲು ಹೊದೆಯುತ್ತೇವೆ. ಹೂ ಮುಡಿಯುತ್ತೇವೆ. ಬಳೆ ಇಡಿಸಿಕೊಳ್ಳುತ್ತೇವೆ. ಅಜ್ಜ ರುಮಾಲು ಸುತ್ತುತ್ತಾನೆ, ಚಪ್ಪಲಿ ಮೆಟ್ಟುತ್ತಾನೆ. ವಾಚ್ ಕಟ್ಟುತ್ತೇವೆ. ಕನ್ನಡಕ ಹಾಕುತ್ತೇವೆ. ಸೆಂಟ್ ಹೊಡೆದುಕೊಳ್ಳುತ್ತೇವೆ. ಇಂಗ್ಲಿಷಿನಲ್ಲಿ ಇಷ್ಟಕ್ಕೂ ವೇರ್ ಒಂದೇ ಸಾಕು. ಗಡ್ಡ ಬಿಟ್ಟವರಿಗೂ ವೇರ್ ಅನ್ನಬಹುದು. ಎಷ್ಟು ಬಡಪಾಯಿ ಭಾಷೆ ಅನಿಸಿತು, ಆದರೆ ಪರೀಕ್ಷೆ ಬರೆಯುವವರಿಗೆ ಒಳ್ಳೆಯದೇ ಅಲ್ವಾ?

ಒಂದು ಫರಕು ಇದೆ. ಮೈಮೇಲೆ ಇರುವುದಕ್ಕೆ ವೇರ್. ಹಾಕಿಕೊಳ್ಳುವ ಕೆಲಸಕ್ಕೆ ಪುಟ್ ಆನ್. ಬಿಚ್ಚುವುದಕ್ಕೆ ಟೇಕ್ ಆಫ್. ಡ್ಯೂಟಿಯಿಂದ ಬಂದು ನೈಟಿ ಹಾಕಿಕೊಳ್ಳುವುದಕ್ಕೆ ಚೇಂಜ್ ಇಂಟು. ಈ ನಾಲ್ಕು ಬಾಯಿಗೆ ಬಂದರೆ ನಿಲ್ಲುವ ಪ್ರಮೇಯವೇ ಇಲ್ಲ.

ಇನ್ನೊಂದು, ದಿನಾ ಮಾಡುವ ಕೆಲಸಕ್ಕೆ "ಐ ಆಮ್ ವೇರಿಂಗ್" ಬೇಡ್ರಿ. ಅದು ಈಗ, ಈ ಕ್ಷಣ ಹಾಕಿಕೊಂಡಿರುವುದಕ್ಕೆ. "ಡೈಲಿ ಐ ಆಮ್ ವೇರಿಂಗ್ ಚೂಡಿದಾರ್" ಅಂತ ನಾವೆಲ್ಲ ಅಂದುಬಿಡುತ್ತೇವೆ.

ಒಂದ್_ಬೈಟು_ಕಾಫಿ · ಭಾನುವಾರ ರಾತ್ರಿ 11.20

ಸುಮ್ನೆ ಒಂದು ಮಾತು. ಬಾಯಿಪಾಠ ಬೇಡ ಅಂತ ಎಲ್ಲರೂ ಹೇಳುತ್ತಾರೆ. ನಾನು ಬಾಯಿಪಾಠ ಮಾಡಿಯೇ 7.5 ತೆಗೆದಿದ್ದು. ಕೆನಡಾಕ್ಕೆ ಸ್ಪೀಕಿಂಗ್‌ನಲ್ಲಿ 7 ಬೇಕಿತ್ತು, ಬಂತು, ಮುಗೀತು. ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಆ ಟೇಬಲ್ ಮುಂದೆ ಕೂತಾಗ ಹೊಸದಾಗಿ ಏನೂ ಹೊಳೆಯುವುದಿಲ್ಲ ಸ್ವಾಮಿ. ಕೈಯಲ್ಲಿ ಏನಾದರೂ ಇರಬೇಕು. ಉತ್ತರ, ಕಾರಣ, ಒಂದು ಉದಾಹರಣೆ. ಎಲ್ಲ ಪ್ರಶ್ನೆಗೂ ನಂದು ಇದೇ ಅಚ್ಚು.

ಪಿಯು_ಮೇಷ್ಟ್ರು · ಸೋಮವಾರ ಬೆಳಿಗ್ಗೆ 6.30

ಕಾಫಿಯವರೇ, ನೀವು ಹೇಳಿದ್ದು ಬಾಯಿಪಾಠ ಅಲ್ಲ. ಅದು ಚಕ್ಕುಲಿ ಒರಳು. ಒರಳು ಯಾರದ್ದಾದರೂ ಆಗಬಹುದು, ಹಿಟ್ಟು ನಿಮ್ಮದಿರಬೇಕು. ನಿಮಗೆ 7.5 ಬಂದಿದ್ದು ಹಿಟ್ಟಿನಿಂದ ಅಂತ ನನ್ನ ಲೆಕ್ಕ.

ನಾನು ಹೇಳುವುದು ಪೂರ್ತಿ ಉತ್ತರವನ್ನೇ ಉರು ಹೊಡೆಯುವವರ ಬಗ್ಗೆ. ನನ್ನ ಹತ್ತಿರ ಚಿತ್ರದುರ್ಗ ಕಡೆಯ ಒಬ್ಬ ಹುಡುಗ ಅಭ್ಯಾಸಕ್ಕೆ ಬರುತ್ತಿದ್ದ. ಇಷ್ಟದ ಬಟ್ಟೆ ಯಾವುದು ಅಂದರೆ "ಅಜ್ಜಿ ಕೊಟ್ಟ ಟ್ರೆಂಚ್ ಕೋಟ್" ಅಂದ. ಅಜ್ಜಿ ಏನು ಮಾಡುತ್ತಿದ್ದರು ಅಂತ ಕೇಳಿದೆ. ಶೇಂಗಾ ಬಿಡಿಸುತ್ತಿದ್ದರಂತೆ! ಸುಳ್ಳು ಹೇಳಿದ್ದಕ್ಕೆ ಅಂಕ ಕಡಿಮೆ ಆಗುವುದಿಲ್ಲ, ಅದು ನಿಜ. ಆದರೆ ಮುಂದಿನ ಪ್ರಶ್ನೆಗೆ ಅವನು ಬೆವೆತುಹೋದ. ಇಲ್ಲದ ಕೋಟಿನ ಗುಂಡಿ ಯಾವ ಬಣ್ಣ ಅಂತ ಯಾರಿಗೆ ಗೊತ್ತಿರುತ್ತದೆ? ಉರು ಹೊಡೆದ ಮಾತಿನ ಧಾಟಿಯೂ ಬೇರೆ. ನಮ್ಮ ಮಕ್ಕಳು ಶಾಲೆಯಲ್ಲಿ ಪದ್ಯ ಒಪ್ಪಿಸುವ ರಾಗವೇ ಬಂದುಬಿಡುತ್ತದೆ. ದಿನಾ ಅದನ್ನೇ ಕೇಳುವ ಪರೀಕ್ಷಕರಿಗೆ ಗೊತ್ತಾಗದೆ ಇರುತ್ತದೆಯೇ?

ಒಂದ್_ಬೈಟು_ಕಾಫಿ · ಸೋಮವಾರ ಬೆಳಿಗ್ಗೆ 8.05

ಟ್ರೆಂಚ್ ಕೋಟ್ 😂 ಸರಿ ಸರ್, ಒರಳು ಒಪ್ಪಿಕೊಂಡೆ. ಆದರೂ ಮೊದಲ ವಾಕ್ಯವನ್ನು ಮಾತ್ರ ರೆಡಿ ಇಟ್ಟುಕೊಳ್ಳಿ ಗೊರಬು ಅವರೇ. ಮೊದಲ ವಾಕ್ಯ ಹೊರಟರೆ ಉಳಿದದ್ದು ಹಿಂದೆಯೇ ಬರುತ್ತದೆ. ಇದರಲ್ಲಿ ನಾನು ರಾಜಿ ಆಗುವುದಿಲ್ಲ.

ಲೀಡ್ಸ್‌ನಲ್ಲಿ_ನೀರ್‌ದೋಸೆ · ಸೋಮವಾರ ಮಧ್ಯಾಹ್ನ 2.10

ಮಾರಾಯ್ರೆ, ನಾನು ಮಂಗಳೂರಿನವಳು. ಇಲ್ಲಿ ಇಂಗ್ಲೆಂಡಿನಲ್ಲಿ ವಾರ್ಡ್ ನರ್ಸ್ ಆಗಿ ನಾಲ್ಕು ವರ್ಷ. ಬಟ್ಟೆಯ ಇಂಗ್ಲಿಷ್ ನಿಜವಾಗಿ ಕಲಿತದ್ದು ಇಲ್ಲಿಗೆ ಬಂದ ಮೇಲೆ.

ಬಂದ ಹೊಸತು. ಮಳೆಯಲ್ಲಿ ನೆನೆದು ವಾರ್ಡಿಗೆ ಹೋದೆ. "ಮೈ ಪ್ಯಾಂಟ್ ಈಸ್ ಫುಲ್ ವೆಟ್" ಅಂದೆ. ಜೊತೆಯವಳು ಗಾಬರಿಯಾಗಿ ನನ್ನನ್ನು ಪಕ್ಕಕ್ಕೆ ಕರೆದಳು. ಬ್ರಿಟಿಷರಿಗೆ ಪ್ಯಾಂಟ್ಸ್ ಅಂದರೆ ಒಳಚಡ್ಡಿ! ನಾವು ಹಾಕುವುದು ಟ್ರೌಸರ್ಸ್. ನಮ್ಮ ಬನಿಯನ್ ಅವರಿಗೆ ವೆಸ್ಟ್. ಸ್ವೆಟರ್ ಅವರಿಗೆ ಜಂಪರ್. ನಮ್ಮ ಮಂಕಿ ಕ್ಯಾಪ್ ಅಂತೂ ಹೇಳಿದರೆ ಅರ್ಥವೇ ಆಗಲ್ಲ.

ಪರೀಕ್ಷೆಯಲ್ಲಿ ಪ್ಯಾಂಟ್ಸ್ ಅಂದರೆ ತಪ್ಪಲ್ಲ. ಅಮೆರಿಕದ ಇಂಗ್ಲಿಷೂ ನಡೆಯುತ್ತದೆ. ಆದರೆ ಪ್ಯಾಂಟ್ಸ್, ಟ್ರೌಸರ್ಸ್, ಜೀನ್ಸ್ ಯಾವುದೇ ಆದರೂ ಬಹುವಚನ. ಈಸ್ ಅಲ್ಲ, ಆರ್. ಎರಡು ಕಾಲು ಇದೆ ಅಂತ ನೆನಪಿಟ್ಟುಕೊಳ್ಳಿ.

ಆಮೇಲೆ ಈ ಡ್ರೆಸ್. ನಮಗೆ ಮೈಮೇಲೆ ಹಾಕುವುದೆಲ್ಲ ಡ್ರೆಸ್. ಹುಟ್ಟುಹಬ್ಬಕ್ಕೆ ಶಾಲೆಗೆ ಕಲರ್ ಡ್ರೆಸ್ ಹಾಕಿಕೊಂಡು ಹೋಗಿ ಚಾಕಲೇಟ್ ಹಂಚಿದವರಲ್ವಾ ನಾವು! ಇಲ್ಲಿ ಡ್ರೆಸ್ ಅಂದರೆ ಹೆಂಗಸರ ಫ್ರಾಕಿನ ಥರದ್ದು ಮಾತ್ರ. ಗಂಡಸರು ಯಾರಾದರೂ "ಐ ಬಾಟ್ ಟು ಡ್ರೆಸಸ್ ಫಾರ್ ಮೈಸೆಲ್ಫ್" ಅಂದರೆ ಎದುರಿನವರು ಒಂದು ಕ್ಷಣ ಯೋಚಿಸುತ್ತಾರೆ. ಕ್ಲಾತ್ ಅಂದರೂ ಆಗಲ್ಲ, ಅದು ಥಾನಿನ ಬಟ್ಟೆ, ಇಲ್ಲಾ ಮೇಜು ಒರೆಸುವ ಬಟ್ಟೆ. ಬೇಕಾದದ್ದು ಕ್ಲೋತ್ಸ್. ಹೇಳುವಾಗ "ಕ್ಲೋತಿಸ್" ಅಂತ ಎರಡು ತುಂಡು ಮಾಡಬೇಡಿ. ಬಾಗಿಲು ಮುಚ್ಚುವ ಕ್ಲೋಸ್ ಹೇಳುತ್ತೇವಲ್ಲ, ಹೆಚ್ಚೂಕಡಿಮೆ ಅದೇ ಥರ ಒಂದೇ ಉಸಿರಿಗೆ.

ಬಳ್ಳಾರಿ_ಬಿಸಿಲು · ಸೋಮವಾರ ರಾತ್ರಿ 9.00

ನಡುವೆ ಬಂದೆ, ಕ್ಷಮಿಸಿ. ಆಸ್ಟ್ರೇಲಿಯಾಕ್ಕೆ ಓದಲು ಹೋಗಬೇಕು ಅಂತ ನಾನೂ ಕಟ್ಟಿದ್ದೇನೆ. ಹೆಣ್ಣುಮಕ್ಕಳಿಗೆ ಹೇಳಲು ನೂರು ಇದೆ. ನಮಗೇನಿದೆ? ಎರಡು ಜೀನ್ಸು, ಐದು ಟೀ ಶರ್ಟು. ಕಥೆ ಮುಗೀತು.

ಗಿರ್ಮಿಟ್ · ಸೋಮವಾರ ರಾತ್ರಿ 9.12

ಬಳ್ಳಾರಿಯವರಾಗಿ ಜೀನ್ಸ್ ಬಗ್ಗೆ ಮಾತಿಲ್ಲ ಅಂತೀರಲ್ರೀ! ಊರ ತುಂಬ ಜೀನ್ಸ್ ಹೊಲಿಯುತ್ತಾರಲ್ಲ?

ಬಳ್ಳಾರಿ_ಬಿಸಿಲು · ಸೋಮವಾರ ರಾತ್ರಿ 9.30

ಅಯ್ಯೋ ಹೌದು! ನಮ್ಮ ಮಾವನದ್ದೇ ಹೊಲಿಗೆ ಯೂನಿಟ್ ಇದೆ. ನಾನು ಅಂಗಡಿಯಲ್ಲಿ ಜೀನ್ಸ್ ತೆಗೆದುಕೊಂಡಿದ್ದೇ ಇಲ್ಲ. ಹೊಲಿಗೆ ಒಂಚೂರು ಓರೆಯಾಗಿ ಪಕ್ಕಕ್ಕೆ ಹಾಕಿದ್ದು ನಮ್ಮ ಮನೆಗೆ ಬರುತ್ತದೆ. ಬ್ರ್ಯಾಂಡ್ ಚೀಟಿಯೇ ಇರಲ್ಲ. ಗೆಳೆಯರು ಯಾವ ಬ್ರ್ಯಾಂಡ್ ಅಂದರೆ ಮಾವ ಅಂತೀನಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟಿದರೂ ಕಾಲೇಜಿಗೆ ಅದೇ ದಪ್ಪ ಜೀನ್ಸು. ಮನೆಗೆ ಬಂದ ಕೂಡಲೇ ಲುಂಗಿ. ಆದರೆ ಲುಂಗಿ ಅಂತ ಹೇಳಬಹುದಾ? ಮರ್ಯಾದೆ ಕಡಿಮೆ ಆಗಲ್ವಾ?

ಪಿಯು_ಮೇಷ್ಟ್ರು · ಸೋಮವಾರ ರಾತ್ರಿ 9.55

ತಮ್ಮಾ, ಮಾವನ ಬ್ರ್ಯಾಂಡ್ ಅನ್ನುವ ಮಾತೊಂದೇ ಆ ಎರಡು ಹಾಳೆಗಿಂತ ಜಾಸ್ತಿ ತೂಗುತ್ತದೆ. ಅದನ್ನೇ ಹೇಳು.

ಲುಂಗಿಗೆ ಮರ್ಯಾದೆಯ ಪ್ರಶ್ನೆಯೇ ಇಲ್ಲ. ಆ ಪದ ಇಂಗ್ಲಿಷ್ ನಿಘಂಟಿನಲ್ಲೇ ಕೂತಿದೆ. ಆದರೂ ಎದುರಿಗಿರುವವರಿಗೆ ಗೊತ್ತಿಲ್ಲದೆ ಇರಬಹುದು. ಹಾಗಾಗಿ ಪದ ಹೇಳಿ ಅದರ ಬೆನ್ನಿಗೇ ಬಿಡಿಸಿ ಹೇಳು: "ಎ ಲುಂಗಿ, ಎ ಪೀಸ್ ಆಫ್ ಕಾಟನ್ ಯೂ ರ‍್ಯಾಪ್ ರೌಂಡ್ ಯುವರ್ ವೇಸ್ಟ್". ನಮ್ಮ ಪದವನ್ನು ಬಚ್ಚಿಟ್ಟು "ಟ್ರೆಡಿಷನಲ್ ಡ್ರೆಸ್" ಅಂತ ಮುಗಿಸುವವರೇ ಹೆಚ್ಚು. ಹಾಗೆ ಮುಗಿಸಿದರೆ ಮಾತು ಅಲ್ಲಿಗೇ ಸತ್ತುಹೋಗುತ್ತದೆ.

ಗೊರಬು · ಮಂಗಳವಾರ ಬೆಳಿಗ್ಗೆ 7.20

ನೈಟ್ ಡ್ಯೂಟಿ ಮುಗಿಸಿ ಈಗ ಎಲ್ಲ ಓದಿದೆ. ವೇರ್ ಅನ್ನೋ ಪದ ಇಷ್ಟೆಲ್ಲ ಹೊರುತ್ತದೆ ಅಂತ ಗೊತ್ತೇ ಇರಲಿಲ್ಲ.

ಮೇಷ್ಟ್ರೇ, ನೀವು ಹೇಳಿದ ಹಾಗೆ ಬೀರು ತೆಗೆದೆ. ಒಂದು ವಿಷಯ ನೋಡಿ ನನಗೇ ನಗು ಬಂತು. ಮೇಲೆ ಇರುವುದೆಲ್ಲ ಪಾಲಿಯೆಸ್ಟರ್! ಕಾಟನ್ ಚೂಡಿದಾರ ಎರಡು ಇದೆ, ತಳದಲ್ಲಿ, ಇಸ್ತ್ರಿ ಇಲ್ಲದೆ ಮುದ್ದೆಯಾಗಿ. ಕಾಟನ್ ಇಷ್ಟ ಅಂತ ಅಲ್ಲಿ ಯಾಕೆ ಹೇಳಿದೆನೋ. ಎಲ್ಲರೂ ಹೇಳುತ್ತಾರೆ, ನಾನೂ ಹೇಳಿದೆ.

ಯಾಕೆ ಪಾಲಿಯೆಸ್ಟರ್ ಅಂದರೆ, ನಮ್ಮೂರಿನ ಮಳೆ. ಜೂನ್‌ನಲ್ಲಿ ಹಿಡಿದರೆ ಬಿಡುವುದು ಯಾವಾಗಲೋ. ಆಗುಂಬೆ ನಮಗೆ ದೂರವೇನಲ್ಲ. ಕಾಟನ್ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ, ನಾಲ್ಕನೇ ದಿನ ಬೂಸಲು. ಅಮ್ಮ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ನಮ್ಮ ಯೂನಿಫಾರ್ಮ್ ಒಣಗಿಸುತ್ತಿದ್ದರು. ಮಳೆಗಾಲ ಮುಗಿಯುವವರೆಗೂ ಇಡೀ ಕ್ಲಾಸಿಗೆ ಹೊಗೆ ವಾಸನೆ. ಅಕ್ಕನಿಗೆ ಟೆರಿಕಾಟ್ ಯೂನಿಫಾರ್ಮ್ ಇತ್ತು, ಒಂದೇ ರಾತ್ರಿಗೆ ಒಣಗುತ್ತಿತ್ತು. ಅದು ಅವಳಿಗೆ ಯಾವಾಗ ಸಣ್ಣದಾಗಿ ನನಗೆ ಬರುತ್ತದೋ ಅಂತ ಕಾಯುತ್ತಿದ್ದೆ. ಈಗ ಹಾಸ್ಟೆಲಿನಲ್ಲೂ ಬಟ್ಟೆ ಒಣಗಿಸಲು ಜಾಗ ಇಲ್ಲ. ಅದೇ ಅಭ್ಯಾಸ ಮುಂದುವರಿದಿದೆ.

ಇದನ್ನೆಲ್ಲ ಹೇಳಿದರೆ ಬಡತನದ ಕಥೆ ಹೇಳಿದ ಹಾಗೆ ಆಗುತ್ತದೆಯೇನೋ ಅಂತ ಸಂಕೋಚ.

ಒಂದ್_ಬೈಟು_ಕಾಫಿ · ಮಂಗಳವಾರ ಬೆಳಿಗ್ಗೆ 8.40

ಗುರುವೇ, ಇದಕ್ಕಿಂತ ಒಳ್ಳೆ ಹಿಟ್ಟು ಎಲ್ಲಿ ಸಿಗುತ್ತೆ? ಹೇಳಿ ಮೇಡಂ, ಕಣ್ಣು ಮುಚ್ಚಿ ಹೇಳಿ. ಅಂದಹಾಗೆ ಗೊರಬು ಅಂದರೆ ಏನು? ಅವತ್ತಿಂದ ಕೇಳಬೇಕು ಅಂತಿದ್ದೆ.

ಗೊರಬು · ಮಂಗಳವಾರ ಬೆಳಿಗ್ಗೆ 8.55

ಬಿದಿರ ಸೀಳಿನಲ್ಲಿ ಹೆಣೆದು ಎಲೆ ಹೊದಿಸಿ ಮಾಡುವುದು. ಗದ್ದೆಯಲ್ಲಿ ಹೆಂಗಸರು ಸಸಿ ನೆಡುವಾಗ ತಲೆಯಿಂದ ಸೊಂಟದವರೆಗೆ ಬೆನ್ನಿನ ಮೇಲೆ ಹಾಕಿಕೊಳ್ಳುತ್ತಿದ್ದರು. ಬಗ್ಗಿದಾಗ ಮಳೆ ಬೆನ್ನಿಗೆ ಬೀಳುವುದಿಲ್ಲ, ಎರಡು ಕೈಯೂ ಕೆಲಸಕ್ಕೆ ಬಿಡುವು. ಗಂಡಸರಿಗೆ ಕಂಬಳಿಕೊಪ್ಪೆ. ಈಗ ಎಲ್ಲರಿಗೂ ಪ್ಲಾಸ್ಟಿಕ್.

ಪಿಯು_ಮೇಷ್ಟ್ರು · ಮಂಗಳವಾರ ಬೆಳಿಗ್ಗೆ 9.10

ನೋಡಿದೆಯಾ, ಈಗ ನಿನಗೆ ಯಾರೂ ಯಾಕೆ ಅಂತ ಕೇಳಲೇ ಇಲ್ಲ. ನೀನೇ ಹೇಳಿಕೊಂಡು ಹೋದೆ. ಇದನ್ನೇ ಮೂರು ವಾಕ್ಯದ ಇಂಗ್ಲಿಷ್ ಮಾಡಿ ಹಾಕು. ತಪ್ಪಾದರೆ ಆಗಲಿ.

ಗೊರಬು · ಮಂಗಳವಾರ ಸಂಜೆ 6.30

ಹಾಕುತ್ತಿದ್ದೇನೆ, ನಗಬೇಡಿ.

"ಐ ಪ್ರಿಫರ್ ಪಾಲಿಯೆಸ್ಟರ್ ದ್ಯಾನ್ ಕಾಟನ್. ಇನ್ ಮೈ ನೇಟಿವ್ ಪ್ಲೇಸ್ ರೈನ್ ಈಸ್ ಕಮಿಂಗ್ ಫೋರ್ ಮಂತ್ಸ್, ಸೋ ಕಾಟನ್ ಕ್ಲೋತ್ಸ್ ವಿಲ್ ನಾಟ್ ಡ್ರೈ. ಮೈ ಮದರ್ ವಾಸ್ ಹ್ಯಾಂಗಿಂಗ್ ಅವರ್ ಯೂನಿಫಾರ್ಮ್ ಓವರ್ ದ ಫೈರ್ ಅಂಡ್ ವೀ ವೆಂಟ್ ಟು ಸ್ಕೂಲ್ ವಿತ್ ಸ್ಮೋಕ್ ಸ್ಮೆಲ್."

ಪಿಯು_ಮೇಷ್ಟ್ರು · ಮಂಗಳವಾರ ರಾತ್ರಿ 8.00

ಭೇಷ್! ಇನ್ನು ನಾಲ್ಕೇ ಕಡೆ ಕೈ ಹಾಕೋಣ.

ಪ್ರಿಫರ್ ಆದ ಮೇಲೆ ದ್ಯಾನ್ ಬರುವುದಿಲ್ಲ, ಟು ಬರುತ್ತದೆ. "ಐ ಪ್ರಿಫರ್ ಪಾಲಿಯೆಸ್ಟರ್ ಟು ಕಾಟನ್." ನಮ್ಮ ತಲೆಯಲ್ಲಿ "ಕಾಟನ್‌ಗಿಂತ" ಅಂತ ಓಡುತ್ತಿರುತ್ತದೆ, ಅದಕ್ಕೇ ದ್ಯಾನ್ ನುಗ್ಗುತ್ತದೆ. ಮಳೆ ಬರುತ್ತದೆ ಅನ್ನಲು "ಇಟ್ ರೇನ್ಸ್" ಸಾಕು. ಅಲ್ಲಿ ಮಳೆ ಬರುವುದಿಲ್ಲ, ಹೋಗುವುದೂ ಇಲ್ಲ. ಹಿಂದೆ ದಿನಾ ಮಾಡುತ್ತಿದ್ದ ಕೆಲಸಕ್ಕೆ ಯೂಸ್ಡ್ ಟು: "ಮೈ ಮದರ್ ಯೂಸ್ಡ್ ಟು ಹ್ಯಾಂಗ್ ಅವರ್ ಯೂನಿಫಾರ್ಮ್ಸ್ ಓವರ್ ದ ಫೈರ್." ಕೊನೆಗೆ "ವೀ ವೆಂಟ್ ಟು ಸ್ಕೂಲ್ ಸ್ಮೆಲಿಂಗ್ ಆಫ್ ಸ್ಮೋಕ್" ಅನ್ನು. ಈ ಮೂರು ವಾಕ್ಯದಲ್ಲಿ ಇವತ್ತಿನ ಮಾತೂ ಇದೆ, ಹಿಂದಿನ ಮಾತೂ ಇದೆ, ಕಾರಣವೂ ಇದೆ. ವ್ಯಾಕರಣಕ್ಕೆ ಅವರು ಹುಡುಕುವುದು ಇಂಥದ್ದನ್ನೇ.

ಗಿರ್ಮಿಟ್ · ಮಂಗಳವಾರ ರಾತ್ರಿ 8.35

ಹೊಗೆ ವಾಸನೆ ಓದಿ ನನಗೂ ನಮ್ಮವ್ವನ ಟ್ರಂಕ್ ನೆನಪಾತು. ಎರಡನೇ ಭಾಗದಲ್ಲಿ ಒಂದು ಚೀಟಿ ಕೊಟ್ಟು, ಒಂದು ನಿಮಿಷ ಯೋಚಿಸಲು ಬಿಟ್ಟು, ಒಂದರಿಂದ ಎರಡು ನಿಮಿಷ ಮಾತಾಡಿ ಅನ್ನುತ್ತಾರಲ್ಲ. ನನಗೆ ಅಲ್ಲಿ ಬಂದಿದ್ದೇ ಬಟ್ಟೆ. ಯಾರೋ ಕೊಟ್ಟ ಬಟ್ಟೆಯ ಬಗ್ಗೆ ಹೇಳಬೇಕಿತ್ತು. ಅವ್ವ ಕೊಟ್ಟ ಇಳಕಲ್ ಸೀರೆ ಹಿಡಿದುಕೊಂಡೆ.

ಮೈ ಒಂದು ಬಣ್ಣದ ನೂಲು, ಸೆರಗು ಕೆಂಪು ರೇಷ್ಮೆ. ಎರಡನ್ನೂ ಬೇರೆ ಬೇರೆ ಹಾಸು ಹೂಡಿ, ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಮಗ್ಗದ ಮುಂದೆ ಕೂತು ನೋಡಿದ್ದೆ, ಅದಕ್ಕೇ ಹೇಳಲು ಬಂತು. ಲೂಪ್ ಅನ್ನೋ ಒಂದೇ ಪದ ಸಾಕಾತು. ಆಮೇಲೆ ಅದರ ಮೇಲಿನ ಕಸೂತಿ. ಹಿಂದೆ ಗಂಟು ಕಾಣಬಾರದು, ಎಳೆ ಎಣಿಸಿ ಹಾಕಬೇಕು, ಗೋಪುರ, ತೇರು, ತುಳಸಿಕಟ್ಟೆ. ಎರಡು ನಿಮಿಷ ಯಾವಾಗ ಮುಗೀತೋ ಗೊತ್ತಾಗಲಿಲ್ಲ, ಅವರೇ ನಿಲ್ಲಿಸಿದರು. ನಿಲ್ಲಿಸಿದರೆ ಗಾಬರಿ ಆಗಬೇಡ್ರಿ, ಸಮಯ ಆತು ಅಂತ ಅಷ್ಟೇ ಅರ್ಥ.

ಒಂದೇ ಕಡೆ ಎಡವಿದೆ. ಆ ಬಣ್ಣ ನನಗೆ ಒಪ್ಪುತ್ತದೆ ಅನ್ನಲು "ಇಟ್ ಫಿಟ್ಸ್ ಮಿ" ಅಂದೆ. ಒಪ್ಪುವುದಕ್ಕೆ ಸೂಟ್ಸ್. ಅಳತೆ ಸರಿ ಇದ್ದರೆ ಫಿಟ್ಸ್. ಸೀರೆಗೆ ಎಲ್ಲಿಯ ಅಳತೆ, ಅಲ್ವಾ?

ಲೀಡ್ಸ್‌ನಲ್ಲಿ_ನೀರ್‌ದೋಸೆ · ಬುಧವಾರ ಬೆಳಿಗ್ಗೆ 11.45

ಗೊರಬು, ಮೂರನೇ ಭಾಗಕ್ಕೂ ಒಂದು ಹೇಳಿಬಿಡುತ್ತೇನೆ. ಅಲ್ಲಿ ಸ್ವಂತ ಬೀರು ಬಿಟ್ಟು ಊರಿನ ಮಾತು ಬರುತ್ತದೆ. ಯೂನಿಫಾರ್ಮ್ ಯಾಕೆ ಬೇಕು, ಹಳೆಯ ಉಡುಗೆ ಉಳಿಯುತ್ತದೆಯೇ, ಹೀಗೆ. ಯೂನಿಫಾರ್ಮ್ ಬಗ್ಗೆ ನರ್ಸ್‌ಗಿಂತ ಚೆನ್ನಾಗಿ ಯಾರು ಹೇಳುತ್ತಾರೆ? ಡಿಸಿಪ್ಲಿನ್, ಯೂನಿಟಿ ಅಂತ ಶಾಲೆಯ ಭಾಷಣ ಬೇಡ.

ಇಲ್ಲಿ ಎನ್‌ಎಚ್‌ಎಸ್ ಅಂದರೆ ಸರ್ಕಾರಿ ಆಸ್ಪತ್ರೆಯಲ್ಲಿ ರೋಗಿಯ ಹತ್ತಿರ ಹೋಗುವಾಗ ಮೊಣಕೈ ಕೆಳಗೆ ಬರಿಗೈ. ಉದ್ದ ತೋಳಿಲ್ಲ, ಬಳೆ ಇಲ್ಲ, ವಾಚಿಲ್ಲ. ಸಾದಾ ಮದುವೆ ಉಂಗುರ ಒಂದಕ್ಕೆ ಬಿಡುತ್ತಾರೆ. ಕೈಯನ್ನು ಮಣಿಕಟ್ಟಿನವರೆಗೂ ಸರಿಯಾಗಿ ತೊಳೆಯಬೇಕಲ್ಲ, ಅದಕ್ಕೆ. ಬಳೆ ತೆಗೆದ ದಿನ ನನಗೆ ಒಂಥರಾ ಆಯಿತು. ಅಮ್ಮನಿಗೆ ವಿಡಿಯೋ ಕಾಲ್ ಮಾಡುವಾಗ ಕೈ ಕೆಳಗೆ ಇಟ್ಟುಕೊಳ್ಳುತ್ತಿದ್ದೆ. ನಾಡಿ ನೋಡಲು ವಾಚ್ ಬೇಕಲ್ಲ, ಅದನ್ನು ಎದೆಯ ಮೇಲೆ ಪಿನ್ ಹಾಕಿ ತಲೆಕೆಳಗಾಗಿ ನೇತುಹಾಕುತ್ತೇವೆ. ನಾವು ಬಗ್ಗಿ ನೋಡಿದರೆ ನೆಟ್ಟಗೆ ಕಾಣುತ್ತದೆ. ನೀವೂ ನಾಳೆ ಹಾಕುವವರೇ.

ಬಳ್ಳಾರಿ_ಬಿಸಿಲು · ಗುರುವಾರ ರಾತ್ರಿ 10.05

ನಾನು ಮಾವನ ಯೂನಿಟ್ಟಿಗೆ ಹೋಗಿ ಜಿಪ್, ಗುಂಡಿ, ಹೊಲಿಗೆ, ವಾಷಿಂಗ್ ಎಲ್ಲಕ್ಕೂ ಇಂಗ್ಲಿಷಿನಲ್ಲಿ ಏನಂತಾರೆ ಅಂತ ಬರೆದುಕೊಂಡು ಬಂದೆ. ಅರ್ಧ ಅವರೇ ಇಂಗ್ಲಿಷಿನಲ್ಲಿ ಹೇಳುತ್ತಾರೆ, ಅವರಿಗೇ ಗೊತ್ತಿಲ್ಲ 😀

ಗೊರಬು · ಶುಕ್ರವಾರ ರಾತ್ರಿ 8.20

ನಾಳೆ ಮಧ್ಯಾಹ್ನ ನನ್ನ ಸ್ಪೀಕಿಂಗ್. ಬಟ್ಟೆ ವಿಷಯ ಬರುತ್ತದೋ ಇಲ್ಲವೋ. ಅಡುಗೆ, ಬಸ್ಸು, ಹವಾಮಾನ ಎಲ್ಲದಕ್ಕೂ ಹೀಗೇ ಬೀರು ತೆಗೆದು ನೋಡುತ್ತಾ ಕೂತಿದ್ದೇನೆ. ರೂಮಿನವಳಿಗೆ ತಲೆ ಕೆಟ್ಟಿದೆ. ನಾಳೆ ನೀಲಿ ಪಾಲಿಯೆಸ್ಟರ್ ಕುರ್ತಾ. ಒಗೆದು ಹಾಕಿದ್ದೆ, ಆಗಲೇ ಒಣಗಿದೆ.

ಗಿರ್ಮಿಟ್ · ಶುಕ್ರವಾರ ರಾತ್ರಿ 8.26

ಪಾಸ್‌ಪೋರ್ಟ್ ಮರೀಬ್ಯಾಡ್ರಿ ಅಕ್ಕಾರ, ಅದಿಲ್ಲದೆ ಒಳಗೆ ಬಿಡಲ್ಲ. ವಾಚ್ ಕಟ್ಟಿಕೊಂಡು ಹೋಗಬೇಡ್ರಿ, ಹೊರಗೇ ಬಿಚ್ಚಿಸುತ್ತಾರೆ.

ಗೊರಬು · ಶುಕ್ರವಾರ ರಾತ್ರಿ 8.28

ಕಟ್ಟುವುದೂ ಇಲ್ಲ, ವೇರ್ ಮಾಡುವುದೂ ಇಲ್ಲ.